ಪಡಿತರದ ಜೋಳ, ಪರರ ನೆಲ: ಕಾಂಪೆಚೆಯ ಕ್ಯಾಂಪುಗಳಲ್ಲಿ ಗ್ವಾಟೆಮಾಲಾದ ಮಾಯಾ ನಿರಾಶ್ರಿತರು

1984ರ ಏಪ್ರಿಲ್ 30ರಂದು ಗ್ವಾಟೆಮಾಲಾದ ಸೈನಿಕರು ಗಡಿ ದಾಟಿ, ಮೆಕ್ಸಿಕೊದ ಚಿಯಾಪಾಸ್ ರಾಜ್ಯದಲ್ಲಿದ್ದ ಎಲ್ ಚುಪಾದೆರೊ ಎಂಬ ನಿರಾಶ್ರಿತರ ಕ್ಯಾಂಪಿನ ಮೇಲೆ ದಾಳಿ ಮಾಡಿದರು. ಅಲ್ಲಿ ಸತ್ತವರು ಅದೇ ಸೈನ್ಯಕ್ಕೆ ಹೆದರಿ ಊರು ಬಿಟ್ಟು ಬಂದವರು. ಇದಾದ ಮೇಲೆ ಮೆಕ್ಸಿಕೊ ಸರ್ಕಾರ ತಡ ಮಾಡಲಿಲ್ಲ. ಗಡಿಯಂಚಿನ ಕ್ಯಾಂಪುಗಳನ್ನು ತೆಗೆದು, ಜನರನ್ನು ನೂರಾರು ಕಿಲೋಮೀಟರ್ ದೂರದ ಯುಕಟಾನ್ ಪರ್ಯಾಯ ದ್ವೀಪಕ್ಕೆ, ಅಂದರೆ ಕಾಂಪೆಚೆ ಮತ್ತು ಕಿಂತಾನಾ ರೋ ರಾಜ್ಯಗಳಿಗೆ ಸಾಗಿಸುವುದೆಂದು ತೀರ್ಮಾನಿಸಿತು. ಆ ವರ್ಷ ಮತ್ತು ಮರುವರ್ಷ ಸೇರಿ ಸುಮಾರು 18,000 ಮಂದಿ ಹೋದರು. ಅವರಲ್ಲಿ ಹೆಚ್ಚಿನವರು ಇಳಿದದ್ದು ಕಾಂಪೆಚೆಯಲ್ಲಿ.

ಇಲ್ಲಿ ನೋಡುವುದು ಆ ಕಾಂಪೆಚೆ ಕ್ಯಾಂಪುಗಳ ದಿನಚರಿಯನ್ನು. ನಿರಾಶ್ರಿತರ ಬದುಕೆಂದರೆ ಅನ್ನವಿಲ್ಲದ ಬದುಕು ಎಂಬ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಪಡಿತರ ಬರುತ್ತಿತ್ತು. ಆದರೆ ಉಳುವ ನೆಲ ಇನ್ನೊಬ್ಬರದು, ಹೊರಗೆ ಹೋಗುವ ಚೀಟಿ ಇನ್ನೊಬ್ಬರ ಕೈಯಲ್ಲಿ. ಕಾಳನ್ನು ಊಟವಾಗಿಸುವ ಕೆಲಸ ಮಾತ್ರ ಪೂರ್ತಿ ಮನೆಯ ಹೆಂಗಸರ ಪಾಲಿಗೆ. ಎಷ್ಟು ಕಿಲೋ ಹಂಚಲಾಯಿತು ಎಂಬ ಲೆಕ್ಕವಷ್ಟನ್ನೇ ಓದಿದರೆ ಈ ಬದುಕಿನ ಅರ್ಧ ಭಾಗ ಕಣ್ಣಿಗೆ ಬೀಳುವುದೇ ಇಲ್ಲ.

ಬಂದವರು ಯಾರು

ಸರ್ಕಾರಿ ಸೈನ್ಯಕ್ಕೂ ಎಡಪಂಥೀಯ ಗೆರಿಲ್ಲಾಗಳಿಗೂ ನಡುವಿನ ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರವರೆಗೆ ನಡೆಯಿತು. ವಿಶ್ವಸಂಸ್ಥೆಯ ನೆರವಿನಿಂದ ರಚನೆಯಾದ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು ಮತ್ತು ಕಾಣೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ. 83ರಷ್ಟು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ದಾಖಲಾದ ಹಿಂಸೆಯಲ್ಲಿ ಶೇ. 93ರಷ್ಟಕ್ಕೆ ಸರ್ಕಾರಿ ಪಡೆಗಳು ಮತ್ತು ಅವುಗಳ ಕೈಕೆಳಗಿನ ಗುಂಪುಗಳೇ ಹೊಣೆ. ಇದರಲ್ಲಿ ಅತಿ ಕೆಟ್ಟ ಕಾಲ 1981ರಿಂದ 1983. ಅಧ್ಯಕ್ಷ ಲುಕಾಸ್ ಗಾರ್ಸಿಯಾ ಆಳ್ವಿಕೆಯ ಕೊನೆ, 1982ರ ಮಾರ್ಚ್‌ನಲ್ಲಿ ಕ್ಷಿಪ್ರಕ್ರಾಂತಿಯಿಂದ ಅಧಿಕಾರ ಹಿಡಿದ ರಿಯೋಸ್ ಮೊಂಟ್‌ನ ಆಳ್ವಿಕೆ, ಎರಡೂ ಅದರೊಳಗೆ ಬಂದವು. ಗೆರಿಲ್ಲಾಗಳಿಗೆ ಅನ್ನ ಹಾಕುವ ಊರೇ ಇರಬಾರದು ಎಂಬುದು ಸೈನ್ಯದ ಲೆಕ್ಕಾಚಾರ. ಹಾಗಾಗಿ ಮನೆಗಳ ಜೊತೆಗೆ ಮೆಕ್ಕೆಜೋಳದ ಕಣಜಗಳನ್ನೂ ಸುಟ್ಟರು, ನಿಂತ ಪೈರನ್ನು ಕೊಚ್ಚಿದರು, ದನಕರು ಕೊಂದರು. ಒಂದು ಊರಿನ ಸುದ್ದಿ ಮುಟ್ಟುತ್ತಲೇ ಪಕ್ಕದ ಊರು ಖಾಲಿಯಾಗುತ್ತಿತ್ತು.

ಚಿಯಾಪಾಸ್‌ಗೆ ಬಂದು ಹೆಸರು ಬರೆಸಿದವರು ಸುಮಾರು 46,000. ಹೆಸರು ಬರೆಸದೆ ತೋಟಗಳಲ್ಲಿ, ಪಟ್ಟಣಗಳಲ್ಲಿ ಕರಗಿಹೋದವರು ಅದಕ್ಕಿಂತ ಹೆಚ್ಚು. ಮಾಮ್, ಕಾಂಜೊಬಾಲ್, ಚೂಹ್, ಹಕಾಲ್ಟೆಕ್, ಕೆಕ್ಚಿ, ಕಿಚೆ ಹೀಗೆ ಅವರ ನುಡಿಗಳು ಹಲವು.

ಎಲ್ಲರನ್ನೂ ‘ಮಾಯಾ ರೈತರು’ ಎಂದು ಒಂದೇ ಗಂಟಿಗೆ ಕಟ್ಟಿದರೆ ಮುಂದಿನದು ಅರ್ಥವಾಗುವುದಿಲ್ಲ. ವೆವೆಟೆನಾಂಗೊದ ಎತ್ತರದ ಊರುಗಳಿಂದ ಬಂದವರು ಚಳಿ, ಪೈನ್ ಮರ, ಇಳಿಜಾರಿನ ಹೊಲ ಬಲ್ಲವರು. ಇಷ್ಕಾನ್ ಕಾಡಿನಿಂದ ಬಂದವರ ಕಥೆ ಬೇರೆ. ಅವರೂ ಮೂಲತಃ ಬೆಟ್ಟದವರೇ; ಆದರೆ 1960ರ ದಶಕದ ಕೊನೆಯಿಂದ ಮೇರಿನೋಲ್ ಎಂಬ ಅಮೆರಿಕನ್ ಕ್ಯಾಥೊಲಿಕ್ ಸಂಘದ ಪಾದ್ರಿಗಳ ನೆರವಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಬಿಸಿ ತಗ್ಗಿನ ಕಾಡು ಕಡಿದು ನೆಲೆಸಿದವರು. ಅವರ ರೊಕ್ಕದ ಬೆಳೆಗಳಲ್ಲಿ ಏಲಕ್ಕಿಯೂ ಒಂದು. ನಮ್ಮ ಮಲೆನಾಡಿನ ಬೆಳೆಗಾರರು ದರ ಬಿದ್ದಾಗೆಲ್ಲ ಶಪಿಸುವ ‘ಗ್ವಾಟೆಮಾಲಾ ಏಲಕ್ಕಿ’ ಇದೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ಭಾರತದಿಂದ ಅಲ್ಲಿಗೆ ಹೋದ ಗಿಡ ಅದು. ಆ ಏಲಕ್ಕಿಯನ್ನು ಬೆಳೆದ ಕೈಗಳಲ್ಲಿ ಕೆಲವು 1982ರಲ್ಲಿ ತೋಟ ಬಿಟ್ಟು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದವು ಎಂಬುದು ಇಲ್ಲಿನ ಮಾರುಕಟ್ಟೆ ಮಾತಿನಲ್ಲಿ ಬಂದದ್ದಿಲ್ಲ.

ಒಪ್ಪಿ ಹೋದವರು, ಒಪ್ಪದವರು

ಚಿಯಾಪಾಸ್‌ನಲ್ಲಿ ಮೊದಲು ಕೈಹಿಡಿದವರು ಅಲ್ಲಿನ ಬಡ ರೈತರು, ಎಹಿದೊ ಎಂಬ ಸಾಮುದಾಯಿಕ ಜಮೀನಿನ ಹಕ್ಕುದಾರರು. ಅವರಲ್ಲೂ ಅನೇಕರು ಮಾಯಾ ಮೂಲದವರೇ. ಬಿಷಪ್ ಸಾಮುವೆಲ್ ರೂಯಿಸ್ ಅವರ ಸಾನ್ ಕ್ರಿಸ್ಟೋಬಾಲ್ ಧರ್ಮಪ್ರಾಂತ್ಯ ಔಷಧಿ, ಆಹಾರ ಹೊಂದಿಸಿತು. ಆಮೇಲೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಮೆಕ್ಸಿಕೊ ಸರ್ಕಾರದ ನಿರಾಶ್ರಿತರ ಆಯೋಗ ಕೋಮಾರ್ ಬಂದವು.

ಸ್ಥಳಾಂತರದ ಮಾತು ಬಂದಾಗ ಬಹಳ ಮಂದಿ ಒಲ್ಲೆ ಎಂದರು. ಗಡಿಯ ಹತ್ತಿರ ಇದ್ದರೆ ಊರಿನ ಸುದ್ದಿ ಸಿಗುತ್ತದೆ, ಹಿಂತಿರುಗಿದ ದಿನ ನಡೆದೇ ಹೋಗಬಹುದು. ಕಾಂಪೆಚೆ ಹೇಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಲಕಾಂತೂನ್ ನದಿ ದಡದ ಪೋರ್ಟೊ ರಿಕೊ ಕ್ಯಾಂಪಿನಲ್ಲಿ ಜನ ಹಟ ಹಿಡಿದಾಗ ಮೆಕ್ಸಿಕೊ ನೌಕಾಪಡೆಯವರು ಗುಡಿಸಲುಗಳಿಗೆ ಬೆಂಕಿ ಇಟ್ಟರು. ಆಶ್ರಯ ಕೊಟ್ಟ ದೇಶವೆಂದು ಮೆಕ್ಸಿಕೊವನ್ನು ಹೊಗಳುವವರು ಸಾಮಾನ್ಯವಾಗಿ ಈ ಪುಟವನ್ನು ಮಗುಚಿಬಿಡುತ್ತಾರೆ. ಸುಟ್ಟ ಊರಿನಿಂದ ಓಡಿಬಂದವರ ಎದುರಲ್ಲೇ ಮತ್ತೆ ಮನೆ ಸುಟ್ಟದ್ದರಿಂದ ಅಧಿಕಾರಿಗಳ ಮೇಲಿನ ನಂಬಿಕೆ ಎಷ್ಟು ಕೆಟ್ಟಿತೆಂದರೆ, ಕೆಲವರು ಕಾಡಿಗೆ ಹೊಕ್ಕರು, ಕೆಲವರು ಬಂದ ದಾರಿಯಲ್ಲೇ ಗ್ವಾಟೆಮಾಲಾಕ್ಕೆ ನುಸುಳಿದರು. ನೋಂದಾಯಿತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊನೆಗೂ ಚಿಯಾಪಾಸ್‌ನಲ್ಲೇ, ನೂರಕ್ಕೂ ಹೆಚ್ಚು ಸಣ್ಣಪುಟ್ಟ ಬಿಡಾರಗಳಲ್ಲಿ ಉಳಿದುಕೊಂಡರು.

ಹೋದವರಿಗಾಗಿ ಕಾಂಪೆಚೆಯಲ್ಲಿ ಮಾಯಾ ಟೆಕುನ್ ಮತ್ತು ಕೆಟ್ಸಾಲ್-ಎಟ್ಸ್ನಾ ಎಂಬ ಎರಡು ದೊಡ್ಡ ಕ್ಯಾಂಪುಗಳು ಎದ್ದವು. ಜಾಗ ಸಾಲದೆ 1980ರ ದಶಕದ ಕೊನೆಗೆ ಸ್ಯಾಂಟೊ ಡೊಮಿಂಗೊ ಕೆಸ್ಟೆ ಮತ್ತು ಲೋಸ್ ಲೌರೆಲೆಸ್ ಸೇರಿಕೊಂಡವು. ನೇರ ಬೀದಿ, ಅಳೆದ ನಿವೇಶನ, ಕಾಡುಮರದ ಕಂಬ, ಮೇಲೆ ಡಾಂಬರು ಬಳಿದ ರಟ್ಟಿನ ಹಾಳೆ. ಈ ಹಾಳೆ ಅಗ್ಗ, ಹಗುರ. ಆದರೆ ಅಲ್ಲಿನ ಬಿಸಿಲಿಗೆ ಡಾಂಬರು ಕರಗಿ, ರಟ್ಟು ಸೆಟೆದು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸೋರಲು ಶುರು. ಒಲೆಯ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಭಯ ಬೇರೆ. ಅಡುಗೆಗೆ ಪ್ರತ್ಯೇಕ ಮಾಡು ಹಾಕಿಕೊಳ್ಳುತ್ತಿದ್ದುದು ಬರಿಯ ಹೊಗೆಯ ಕಾಟಕ್ಕಲ್ಲ.

ಒಂದು ಮನೆಯ ಜೋಳದ ಲೆಕ್ಕ

ಪಡಿತರದಲ್ಲಿ ಮೆಕ್ಕೆಜೋಳ (ಇಲ್ಲಿ ಜೋಳವೆಂದರೆ ಇದೇ) ಮತ್ತು ಬೀನ್ಸ್ ಕಾಳು ಮುಖ್ಯ. ಅದರ ಜೊತೆಗೆ ಅಕ್ಕಿ, ಎಣ್ಣೆ, ಸಕ್ಕರೆ, ಉಪ್ಪು. ಗಂಡ ಹೆಂಡತಿ, ನಾಲ್ಕು ಮಕ್ಕಳ ಮನೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಮೂರು ಹೊತ್ತೂ ಟೋರ್ಟಿಯಾ ಎಂಬ ಮೆಕ್ಕೆಜೋಳದ ತೆಳು ರೊಟ್ಟಿ ತಿನ್ನುವ ಇಂಥ ಮನೆಗೆ ದಿನಕ್ಕೆ ಎರಡೂವರೆ ಕಿಲೋ ಒಣ ಜೋಳ ಬೇಕು. ನಮ್ಮ ಬಿಳಿಜೋಳದ ರೊಟ್ಟಿಯ ಹಾಗೆ ಹಿಟ್ಟು ಬೀಸಿ, ಬಿಸಿನೀರಿಗೆ ನಾದಿದರೆ ಇದು ಆಗುವುದಿಲ್ಲ. ಮೊದಲು ಸುಣ್ಣದಲ್ಲಿ ಬೇಯಬೇಕು.

ಸಂಜೆ ಕೆಲಸ ಶುರುವಾಗುತ್ತದೆ. ಎರಡೂವರೆ ಕಿಲೋ ಜೋಳಕ್ಕೆ 25 ಗ್ರಾಂ ಆಸುಪಾಸು ಅರಳಿದ ಸುಣ್ಣ, ಏಳು ಲೀಟರ್ ನೀರು. ಮೂರು ಕಲ್ಲಿನ ಒಲೆಯ ಮೇಲೆ ಮುಕ್ಕಾಲು ಗಂಟೆ ಹದವಾದ ಕುದಿ. ಕಾಳನ್ನು ಎರಡು ಬೆರಳಲ್ಲಿ ಉಜ್ಜಿದಾಗ ಸಿಪ್ಪೆ ಜಾರಬೇಕು, ಒಳಗೆ ಮಾತ್ರ ಗಟ್ಟಿ ಉಳಿದಿರಬೇಕು. ಆಗ ಕೆಳಗಿಳಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ನೆನೆಯಲು ಬಿಡುತ್ತಾರೆ. ಬೆಳಗಿನ ಜಾವ ಎರಡು ಮೂರು ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಅದಕ್ಕೆ ಇನ್ನೂ ಎಂಟು ಹತ್ತು ಲೀಟರ್. ಸುಣ್ಣ ಕಡಿಮೆಯಾದರೆ ಸಿಪ್ಪೆ ಬಿಡದೆ ಹಿಟ್ಟು ಒಂದುಗೂಡುವುದಿಲ್ಲ, ತಟ್ಟಿದ ಟೋರ್ಟಿಯಾ ಹೆಂಚಿನ ಮೇಲೆ ಬಿರಿಯುತ್ತದೆ. ಹೆಚ್ಚಾದರೆ ಹಳದಿ ಬಣ್ಣ, ಕಹಿ. ಮಕ್ಕಳು ಮುಟ್ಟುವುದಿಲ್ಲ. ಈ ಸುಣ್ಣ ಬರಿಯ ರುಚಿಗಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಸುಣ್ಣದಲ್ಲಿ ಬೆಂದರಷ್ಟೇ ಮೈಗೆ ಹತ್ತುತ್ತದೆ. ಅದಿಲ್ಲದೆ ಜೋಳವನ್ನೇ ನೆಚ್ಚಿದ ಜನಕ್ಕೆ ಚರ್ಮ ಒಡೆಯುವ ಪೆಲಾಗ್ರಾ ಬರುತ್ತದೆ. ಪಡಿತರದ ಪಟ್ಟಿ ಮಾಡುವವರು ಜೋಳ ಬರೆದು ಸುಣ್ಣ ಮರೆತರೆ ಅದು ಅರ್ಧ ಪಡಿತರವೇ ಸರಿ.

ಗೋದಾಮಿನ ಜೋಳದ ತೊಂದರೆ ಇನ್ನೊಂದು ಬಗೆಯದು. ಮನೆಯ ಹೊಲದ ಹೊಸ ಕಾಳು ಒಂದೇ ಸಮ ಬೇಯುತ್ತದೆ. ಗೋಣಿಯಲ್ಲಿ ತಿಂಗಳುಗಟ್ಟಲೆ ಕೂತು ಬಂದ ಬೆರಕೆ ಕಾಳಿನಲ್ಲಿ ಕೆಲವು ಬೆಂದು ಮುದ್ದೆಯಾದರೆ ಕೆಲವು ಕಲ್ಲಾಗಿಯೇ ಉಳಿಯುತ್ತವೆ. ನುಸಿ ಹಿಡಿದದ್ದನ್ನು ಕೇರಿ ಬಿಸಾಡಿದಾಗ ತೂಕ ಇಳಿಯುತ್ತದೆ. ಪುಸ್ತಕದಲ್ಲಿ ಮಾತ್ರ ಕಿಲೋ ಪೂರ್ತಿ.

ಆಮೇಲೆ ಅರೆಯುವ ಕೆಲಸ. ಮಂಡಿಯೂರಿ ಇಳಿಜಾರು ಕಲ್ಲಿನ ಮೇಲೆ ಗುಂಡುಕಲ್ಲು ಎಳೆದು ಇಷ್ಟನ್ನು ನುಣ್ಣಗೆ ಅರೆಯಲು ಮೂರು ಗಂಟೆಯಾದರೂ ಬೇಕು. ಓಡಿಬಂದವರಲ್ಲಿ ಕಲ್ಲು ಹೊತ್ತು ತಂದವರು ಎಲ್ಲಿ? ಕೈಯಲ್ಲಿ ತಿರುಗಿಸುವ ಕಬ್ಬಿಣದ ಗಿರಣಿ ಸಿಕ್ಕರೆ ಹೊತ್ತು ಉಳಿಯುತ್ತದೆ, ಆದರೆ ಒಂದೇ ಸುತ್ತಿಗೆ ನುಣುಪು ಬರುವುದಿಲ್ಲ. ಡೀಸೆಲ್ ಗಿರಣಿ ಇದ್ದರೆ ಹತ್ತೇ ನಿಮಿಷ. ಹಾಗಾಗಿ ಹೆಂಗಸರ ಗುಂಪುಗಳು ಕಟ್ಟಿಕೊಂಡಾಗ ಮೊದಮೊದಲು ಕೇಳಿದ್ದರಲ್ಲಿ ಗಿರಣಿ ಒಂದು. ಹೊರಗಿನಿಂದ ನೋಡುವವರಿಗೆ ಇದು ಅಡುಗೆಮನೆಯ ಬೇಡಿಕೆ. ನಿಜದಲ್ಲಿ ಸಭೆಗೆ, ಅಕ್ಷರ ಕಲಿಯಲು ಬೇಕಾದ ಎರಡು ಗಂಟೆ ಬರಬೇಕಾಗಿದ್ದುದು ಅಲ್ಲಿಂದಲೇ. ಆದರೆ ಗಿರಣಿಗೂ ಅದರ ರಗಳೆಗಳಿವೆ. ಬೀಸುವ ಕಲ್ಲು ಸವೆದಾಗ ಉಳಿ ಹಾಕಿ ಮತ್ತೆ ಹಲ್ಲು ಕಡಿಯಬೇಕು. ಡೀಸೆಲ್ ಕಾಸು ದಿನವೂ ಎತ್ತಬೇಕು. ಬೆಲ್ಟ್ ಕಿತ್ತುಹೋದರೆ ಬಿಡಿಭಾಗ ಪೇಟೆಯಿಂದ ಬರಬೇಕು, ಪೇಟೆಗೆ ಹೋಗಲು ಚೀಟಿ ಬೇಕು. ಗಿರಣಿ ನಿಂತ ದಿನ ಇಡೀ ಬೀದಿ ಮತ್ತೆ ಕಲ್ಲಿಗೆ ಮರಳುತ್ತಿತ್ತು.

ಎರಡೂವರೆ ಕಿಲೋ ಜೋಳ ನಾಲ್ಕು ಕಿಲೋದಷ್ಟು ಹಸಿ ಹಿಟ್ಟಾಗುತ್ತದೆ. ಸಣ್ಣ ಉಂಡೆ ಹಿಡಿದರೆ ನೂರರ ಹತ್ತಿರ ಟೋರ್ಟಿಯಾ. ಬೆಟ್ಟದ ಚಳಿಯಲ್ಲಿ ಈ ಹಿಟ್ಟು ಮರುದಿನಕ್ಕೂ ನಿಲ್ಲುತ್ತಿತ್ತು. ಕಾಂಪೆಚೆಯ ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೇ ಹುಳಿ. ಒಂದು ದಿನ ಕಾಯಿಲೆ ಬಿದ್ದರೆ ನಿನ್ನೆಯದರಲ್ಲಿ ದಿನ ತಳ್ಳುವ ಅನುಕೂಲವನ್ನು ಹವೆಯೇ ಕಿತ್ತುಕೊಂಡಿತ್ತು.

ಕಾಳು ಬೇಯಿಸುವಾಗ ನೆಲವೂ ಎದುರು ನಿಲ್ಲುತ್ತದೆ. ಯುಕಟಾನ್ ಪೂರ್ತಿ ಸುಣ್ಣಕಲ್ಲಿನ ಹಾಸು. ಮಳೆ ನೀರು ಹರಿಯುವ ಬದಲು ಇಂಗಿಹೋಗುತ್ತದೆ, ಹಾಗಾಗಿ ಹೊಳೆ ಹಳ್ಳಗಳು ತೀರ ಕಡಿಮೆ. ನೀರೆಂದರೆ ಬಾವಿ, ಪಂಪು. ಆ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅದು ಬೀನ್ಸ್ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಹಳೆಯ ಕಾಳಾದರೆ ಹೇಳುವುದೇ ಬೇಡ, ಅರ್ಧ ದಿನ ಒಲೆ ಉರಿದರೂ ಮೆತ್ತಗಾಗದು. ರಾತ್ರಿಯೇ ನೆನೆಹಾಕುವುದು, ಸಿಕ್ಕರೆ ಮಳೆನೀರು ಹಿಡಿದು ಅದರಲ್ಲಿ ಬೇಯಿಸುವುದು ಇದಕ್ಕೆ ತಕ್ಕ ಉಪಾಯ. ಇಲ್ಲವಾದರೆ ಸೌದೆ ಹೆಚ್ಚು. ಸಾವಿರಾರು ಜನ ಒಂದೇ ಕಡೆ ಕೂತ ಮೇಲೆ ಹತ್ತಿರದ ಸೌದೆ ಬೇಗ ಮುಗಿಯುತ್ತದೆ. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊರೆ ಹೊರುವವರ ದಾರಿ ವರ್ಷವರ್ಷಕ್ಕೂ ಉದ್ದವಾಗಿ, ಪಕ್ಕದ ಎಹಿದೊದ ಎಲ್ಲೆಯೊಳಗೆ ಹೋಗಿ ಜಗಳಕ್ಕೆ ತಿರುಗುತ್ತದೆ.

ಕಾಯಿಲೆಗಳಲ್ಲಿ ಮಲೇರಿಯಾ ಒಂದರ ಮಾತು ಸಾಕು. ಬೆಟ್ಟದವರ ಮೈಗೆ ಅದು ಹೊಸತು. ಕ್ಯಾಂಪಿನವರೇ ಆರಿಸಿ ಕಳಿಸಿದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಪರೀಕ್ಷೆಗೆ ಕಳಿಸುತ್ತಿದ್ದರು. ಅಲ್ಲಿ ಹೆಚ್ಚಾಗಿದ್ದ ವೈವಾಕ್ಸ್ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಕ್ಲೋರೋಕ್ವಿನ್‌ಗೆ ಜ್ವರ ಮೂರು ದಿನಕ್ಕೆ ಇಳಿದರೂ ಪ್ರೈಮಾಕ್ವಿನ್ ಪೂರ್ತಿ ನುಂಗದಿದ್ದರೆ ವಾರಗಳ ಮೇಲೆ ಮತ್ತೆ ನಡುಕ. ಜ್ವರ ಬಿಟ್ಟವನನ್ನು ಮಾತ್ರೆ ಮುಗಿಸುವಂತೆ ಮಾಡುವುದೇ ಕಾರ್ಯಕರ್ತರ ಅಸಲಿ ಕೆಲಸ. ಹೆರಿಗೆಯನ್ನು ಹಿಂದಿನಿಂದ ಬಂದ ಹಾಗೆ ಸೂಲಗಿತ್ತಿಯರೇ ನೋಡಿಕೊಂಡರು.

ನೆಲ, ಕೂಲಿ, ಚೀಟಿ

ಗಂಡಸರ ಸಂಕಟ ಹೊಲದ್ದು. ಕುಮರಿ ಕಡಿದು, ಬೇಸಗೆಯ ಕೊನೆಗೆ ಸುಟ್ಟು, ಮೊದಲ ಮಳೆಗೆ ಕೋಲು ಚುಚ್ಚಿ ಬೀಜ ಹಾಕುವ ಪದ್ಧತಿ ಅವರಿಗೂ ಗೊತ್ತು, ಯುಕಟಾನ್ ಮಾಯಾ ರೈತರಿಗೂ ಗೊತ್ತು. ಆದರೆ ಈ ಪದ್ಧತಿ ನಡೆಯಬೇಕಾದರೆ ಎರಡು ಮೂರು ಬೆಳೆ ತೆಗೆದ ಹೊಲವನ್ನು ಹಲವು ವರ್ಷ ಪಾಳು ಬಿಡಬೇಕು. ಅಂದರೆ ಬಿತ್ತಿದ ನೆಲದ ಹಲವು ಪಟ್ಟು ನೆಲ ಕೈಯಲ್ಲಿರಬೇಕು. ಕ್ಯಾಂಪಿನ ಅಳತೆಯ ತುಂಡಿನಲ್ಲಿ ಪಾಳಿಗೆ ಜಾಗವಿಲ್ಲ. ಅಲ್ಲಿನ ಮಣ್ಣೋ ಕಲ್ಲಿನ ಮೇಲೆ ಹಾಸಿದ ತೆಳು ಪದರ. ತಗ್ಗಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುವ ಜೇಡಿ. ಬೆಟ್ಟದ ತಳಿಯ ಜೋಳ ಆ ಬಿಸಿಗೆ ಒಗ್ಗಲೇ ಇಲ್ಲ, ಬೀಜವನ್ನೂ ಸ್ಥಳೀಯರಿಂದ ಪಡೆಯಬೇಕಾಯಿತು. ಇಷ್ಕಾನ್‌ನವರು ಬೇಗ ಹೊಂದಿಕೊಂಡದ್ದು ಈ ಕಾರಣಕ್ಕೇ: ತಗ್ಗುಪ್ರದೇಶದ ಬೇಸಾಯದ ಪೆಟ್ಟುಗಳನ್ನು ಅವರು ಒಮ್ಮೆ ತಿಂದಿದ್ದರು.

ಹೊಲ ಸಾಲದಿದ್ದಾಗ ಉಳಿದದ್ದು ಕೂಲಿ. ಅದರಲ್ಲಿ ಒಂದು ಕೆಲಸ ಮಾತ್ರ ವಿಚಿತ್ರ ಯೋಗಾಯೋಗದ್ದು. ಕೆಟ್ಸಾಲ್-ಎಟ್ಸ್ನಾ ಕ್ಯಾಂಪಿನ ನೆರೆಯಲ್ಲೇ ಎಟ್ಸ್ನಾ ಎಂಬ ಪ್ರಾಚೀನ ಮಾಯಾ ನಗರದ ಅವಶೇಷಗಳಿವೆ. 1980ರ ದಶಕದ ನಡುವಿನಿಂದ ಅಲ್ಲಿನ ಕಟ್ಟಡಗಳ ಜೀರ್ಣೋದ್ಧಾರಕ್ಕೆ ನಿರಾಶ್ರಿತರನ್ನೇ ಕೂಲಿಗೆ ತೆಗೆದುಕೊಂಡರು. ಗಿಡಗಂಟಿ ಕಡಿಯುವುದು, ಬಿದ್ದ ಕಲ್ಲು ಬೇರ್ಪಡಿಸುವುದು, ಗಾರೆ ಕಲಸುವುದು, ಗೋಡೆ ಮೇಲೆತ್ತುವುದು. ಪೂರ್ವಜರ ನಗರವನ್ನು ಮಕ್ಕಳೇ ಕಟ್ಟಿದರು ಎಂದು ಪ್ರವಾಸಿ ಬರಹಗಳು ಇದನ್ನು ಹಿಗ್ಗಿಸಿ ಹೇಳುವುದುಂಟು. ಕೆಲಸಕ್ಕೆ ಹೋದವರಿಗೆ ಅದರ ದೊಡ್ಡ ಗುಣ ಬೇರೆ: ಕೂಲಿ ಕ್ಯಾಂಪಿನ ಹತ್ತಿರವೇ ಇತ್ತು. ಸಂಜೆ ಮನೆಗೆ ಬರಬಹುದಿತ್ತು.

ಏಕೆಂದರೆ ದೂರ ಹೋಗುವುದು ಸುಲಭವಿರಲಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಮೆಕ್ಸಿಕೊ ಸೇರಿದ್ದೇ 2000ದಲ್ಲಿ. ದೇಶದ ಕಾನೂನಿನಲ್ಲಿ ‘ನಿರಾಶ್ರಿತ’ ಎಂಬ ವರ್ಗ ಬಂದದ್ದು 1990ರಲ್ಲಿ. ಅಲ್ಲಿಯವರೆಗೆ ಇವರ ಕೈಯಲ್ಲಿದ್ದುದು ಅವಧಿ ಮುಗಿದಂತೆಲ್ಲ ನವೀಕರಿಸಬೇಕಾದ ತಾತ್ಕಾಲಿಕ ಪರವಾನಗಿ. ಕ್ಯಾಂಪಿನಿಂದಾಚೆ ಕೆಲಸಕ್ಕೆ ಹೋಗಲು ಬೇರೆ ಚೀಟಿ. ಆದರೂ ಕಿಂತಾನಾ ರೋ ಕರಾವಳಿಯಲ್ಲಿ ಕಾನ್‌ಕುನ್ ಹೋಟೆಲುಗಳು ಏಳುತ್ತಿದ್ದ ಕಾಲ ಅದು, ಕಟ್ಟಡ ಕೆಲಸಕ್ಕೆ ಆಳು ಬೇಕಿತ್ತು. ಗಂಡಸರು ತಿಂಗಳುಗಟ್ಟಲೆ ಹೋದರು. ಚೀಟಿಯ ಅವಧಿ ಮೀರಿದವನು ಮೇಸ್ತ್ರಿ ಕೂಲಿ ಮುರಿದರೂ ಬಾಯಿ ಬಿಡಲಾರ; ದೂರು ಕೊಡಲು ಹೋದರೆ ಮೊದಲು ಸಿಕ್ಕಿಬೀಳುವವನು ಅವನೇ. ಇತ್ತ ಕ್ಯಾಂಪಿನಲ್ಲಿ ಅವನ ಪಾಲಿನ ಹೊಲ, ಸೌದೆ, ಸಾಮೂಹಿಕ ಕೆಲಸದ ಸರದಿ ಹೆಂಡತಿಯ ತಲೆಗೆ.

ಬಟ್ಟೆ, ಮಾತು, ಶಾಲೆ

ಸೊಂಟಕ್ಕೆ ಪಟ್ಟಿ ಬಿಗಿದು ನೇಯುವ ಮಗ್ಗಕ್ಕೆ ನಾಲ್ಕು ಕೋಲು, ಒಂದು ಮರ ಸಾಕು. ನೂಲು ಮಾತ್ರ ದುಡ್ಡು ಕೊಟ್ಟು ತರಬೇಕು. ಒಂದು ಕಸೂತಿಯ ರವಿಕೆಗೆ ತಿಂಗಳುಗಳ ಬಿಡುವು ಬೇಕು, ಅದು ಅರೆಯುವ ಕಲ್ಲಿನ ಮುಂದೆಯೇ ಕಳೆದುಹೋಗುತ್ತಿತ್ತು. ಚಿಯಾಪಾಸ್‌ನಲ್ಲಿದ್ದಾಗಲೇ ಪೊಲೀಸರ ಕಣ್ಣಿಗೆ ಬೀಳದಿರಲೆಂದು ಹಲವರು ಊರಿನ ಉಡುಪು ಬಿಟ್ಟಿದ್ದರು. ಕಾಂಪೆಚೆಯ ಸೆಕೆಗೆ ದಪ್ಪ ನೇಯ್ಗೆಯ ಲಂಗ ಹೇಗೂ ತಡೆಯುತ್ತಿರಲಿಲ್ಲ. ಮಕ್ಕಳು ಪೇಟೆಯ ಹತ್ತಿ ಬಟ್ಟೆಯಲ್ಲೇ ಬೆಳೆದರು.

ಒಂದೇ ಬೀದಿಯಲ್ಲಿ ಮಾಮ್ ಮನೆ, ಕಾಂಜೊಬಾಲ್ ಮನೆ. ಇಬ್ಬರೂ ಮಾತಾಡಲು ಸ್ಪ್ಯಾನಿಷ್ ಬೇಕಾಯಿತು. ಶಾಲೆಗಳಲ್ಲಿ ಪಾಠ ಹೇಳಿದವರು ನಿರಾಶ್ರಿತರೇ ಆರಿಸಿದ ಯುವಕ ಯುವತಿಯರು. ಅನೇಕರ ಸ್ವಂತ ಓದು ಕೆಲವೇ ತರಗತಿಗಳದ್ದು, ಪಾಠ ಹೇಳುತ್ತಲೇ ತರಬೇತಿ ಪಡೆದರು. ಇವರ ದುಡಿಮೆಗೆ ಬೆಲೆ ಸಿಗುವುದೇ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. 1994ರ ಜೂನ್‌ನಲ್ಲಿ ಓಸ್ಲೋದಲ್ಲಿ ಸಹಿಯಾದ, ಸ್ಥಳಾಂತರಗೊಂಡವರ ಪುನರ್ವಸತಿಯ ಒಪ್ಪಂದದಲ್ಲಿ ಹೊರಗೆ ಕಲಿತ ಓದನ್ನು ಗ್ವಾಟೆಮಾಲಾ ಮಾನ್ಯ ಮಾಡಬೇಕೆಂದು ಸೇರಿತು.

ಹಿಂದಿರುಗುವ ಲೆಕ್ಕ

ನಿರಾಶ್ರಿತರು ತಮ್ಮಲ್ಲೇ ಚುನಾಯಿಸಿದ ‘ಕಾಯಂ ಆಯೋಗಗಳು’ ಗ್ವಾಟೆಮಾಲಾ ಸರ್ಕಾರದೊಡನೆ ನೇರ ಮಾತುಕತೆಗೆ ಕೂತವು. ದೇಶದಿಂದ ಓಡಿಸಿದ ಸರ್ಕಾರವನ್ನೇ ಎದುರು ಕೂರಿಸಿಕೊಂಡು ಷರತ್ತು ಹಾಕಿದ್ದು ಸಣ್ಣ ಸಾಧನೆಯಲ್ಲ. 1992ರ ಅಕ್ಟೋಬರ್ 8ರ ಒಪ್ಪಂದದಲ್ಲಿ ಬಂದ ಅಂಶಗಳು: ಸ್ವಇಚ್ಛೆಯಿಂದ, ಗುಂಪಾಗಿ ಮರಳುವ ಹಕ್ಕು, ಸಂಘಟನೆಯ ಸ್ವಾತಂತ್ರ್ಯ, ಹೊರಗಿನ ಸಾಕ್ಷಿದಾರರು ಜೊತೆಗಿರುವುದು, ಸಂಚಾರ ಸ್ವಾತಂತ್ರ್ಯ, ಜೀವದ ರಕ್ಷಣೆ, ಭೂಮಿ. 1993ರ ಜನವರಿ 20ರಂದು ಸುಮಾರು 2,400 ಮಂದಿಯ ಮೊದಲ ತಂಡ ಹೊರಟು ಇಷ್ಕಾನ್‌ನಲ್ಲಿ ಊರು ಕಟ್ಟಿತು. ಅದಕ್ಕೆ ಆ ದಿನಾಂಕವನ್ನೇ ಹೆಸರಿಟ್ಟರು: ವಿಕ್ಟೋರಿಯಾ 20 ದೆ ಎನೆರೊ.

ಭೂಮಿಯ ಅಂಶವೇ ಎಲ್ಲಕ್ಕಿಂತ ಕಗ್ಗಂಟಾಯಿತು. ಬಿಟ್ಟುಬಂದ ಹೊಲಗಳಲ್ಲಿ ಸೈನ್ಯ ಬೇರೆ ಬಡವರನ್ನು ತಂದು ಕೂರಿಸಿತ್ತು. ಹತ್ತು ವರ್ಷ ಉತ್ತವನೂ ತನ್ನದೆನ್ನುತ್ತಾನೆ, ಕಡಿದು ಕಟ್ಟಿದವನೂ ತನ್ನದೆನ್ನುತ್ತಾನೆ. ಹಾಗಾಗಿ ಎಷ್ಟೋ ತಂಡಗಳು ಹುಟ್ಟೂರಿನ ಬದಲು ಖರೀದಿಸಿದ ಬೇರೆ ಎಸ್ಟೇಟುಗಳಿಗೆ ಹೋದವು. ಕಾಗದದ ತೊಡಕೂ ಕಡಿಮೆಯಿರಲಿಲ್ಲ: ಯುದ್ಧದಲ್ಲಿ ಸುಟ್ಟ ಪುರಸಭೆಗಳ ಜೊತೆ ಜನನ ದಾಖಲೆಗಳೂ ಬೂದಿಯಾಗಿದ್ದವು. ಭಯವೂ ಸುಳ್ಳಾಗಲಿಲ್ಲ. 1995ರ ಅಕ್ಟೋಬರ್ 5ರಂದು ಆಲ್ಟಾ ವೆರಾಪಾಸ್‌ನ ಷಮಾನ್‌ನಲ್ಲಿ, ಮರಳಿ ಬಂದವರ ಔರೋರಾ 8 ದೆ ಒಕ್ತೂಬ್ರೆ ಎಂಬ ಊರಿನೊಳಗೆ ಬಂದ ಸೈನಿಕರ ಗುಂಪು 11 ಜನರನ್ನು ಕೊಂದಿತು. ಕಾಂಪೆಚೆಯಲ್ಲಿ ಹೊರಡುವವರ ಪಟ್ಟಿಯಲ್ಲಿದ್ದವರಿಗೆ ಇದಕ್ಕಿಂತ ಸ್ಪಷ್ಟ ಸಂದೇಶ ಬೇಕಿರಲಿಲ್ಲ.

1999ರ ಹೊತ್ತಿಗೆ, ಮೆಕ್ಸಿಕೊದಲ್ಲಿ ಹುಟ್ಟಿದ ಮಕ್ಕಳೂ ಸೇರಿ, 40,000ಕ್ಕೂ ಹೆಚ್ಚು ಮಂದಿ ಹಿಂದಿರುಗಿದ್ದರು. 20,000ಕ್ಕೂ ಹೆಚ್ಚು ಮಂದಿ ಮೆಕ್ಸಿಕೊದಲ್ಲೇ ಉಳಿದರು. 1996ರಲ್ಲಿ ಮೆಕ್ಸಿಕೊ ಮೊದಲು ಕಾಂಪೆಚೆ ಮತ್ತು ಕಿಂತಾನಾ ರೋದವರಿಗೆ ಕಾಯಂ ವಾಸದ, ಆಮೇಲೆ ಪೌರತ್ವದ ದಾರಿ ತೆರೆಯಿತು. ಅಲ್ಲೇ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಮೆಕ್ಸಿಕನ್ನರು. ಹಲವು ಮನೆಗಳು ಎರಡಾದವು. ಅಪ್ಪನಿಗೆ ಹಳೆಯ ಹೊಲದ ಸೆಳೆತ, ಮಕ್ಕಳಿಗೆ ಕಾಂಪೆಚೆಯ ಕೆಸ್ಟೆಯೇ ಊರು.

ಮರಳಿದ ಹೆಂಗಸರ ವಿಷಯ ಬೇರೆಯೇ ತಿರುವು ಪಡೆಯಿತು. 1990ರಲ್ಲಿ ನಿರಾಶ್ರಿತ ಮಹಿಳೆಯರು ಕಟ್ಟಿದ ಮಾಮಾ ಮಾಕಿನ್ ಎಂಬ ಸಂಘಟನೆಗೆ 1978ರ ಪಾನ್ಸೋಸ್ ಹತ್ಯಾಕಾಂಡದಲ್ಲಿ ಸತ್ತ ಕೆಕ್ಚಿ ಮುಂದಾಳು ಅದೆಲಿನಾ ಕಾಲ್ ಅವರ ಅಡ್ಡಹೆಸರನ್ನೇ ಇಟ್ಟಿದ್ದರು. ಗಿರಣಿ, ಕೋಳಿ ಸಾಕಣೆ, ಅಕ್ಷರದ ತರಗತಿಗಳಿಂದ ಹೊರಟ ಇಂಥ ಕೆಲಸ ಕ್ರಮೇಣ ಭೂಮಿಯ ಪ್ರಶ್ನೆಗೆ ಬಂದು ನಿಂತಿತು: ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಕ್ಯಾಂಪಿನ ಸಭೆಗಳಲ್ಲಿ ಗಂಡಸರೂ ತಲೆಯಾಡಿಸಿದ್ದರು. ಊರು ಮುಟ್ಟಿದ ಮೇಲೆ ಸಹಕಾರ ಸಂಘದ ಪಟ್ಟಿ ಬರೆಯಲು ಕೂತಾಗ ಹಳೆಯ ನಿಯಮ ಹೊರಬಂತು: ಮನೆಗೆ ಒಂದೇ ಸದಸ್ಯತ್ವ, ಅದು ಯಜಮಾನನ ಹೆಸರಿಗೆ. ವಿಧವೆಯರಿಗೆ ಜಾಗ ಸಿಕ್ಕಿತು, ಗಂಡನಿದ್ದವರಿಗೆ ಎಷ್ಟೋ ಕಡೆ ಸಿಗಲಿಲ್ಲ. ತಮ್ಮ ಹೆಸರೂ ಸೇರಲಿ ಎಂದು ಪಟ್ಟು ಹಿಡಿದ ಹೆಂಗಸರು ಈ ಬಾರಿ ವಾದಿಸಬೇಕಾಗಿದ್ದುದು ತಮ್ಮೂರಿನ ಸಭೆಯಲ್ಲೇ, ಹತ್ತು ವರ್ಷ ಒಂದೇ ಗಿರಣಿಯ ಸಾಲಿನಲ್ಲಿ ನಿಂತವರ ಗಂಡಂದಿರ ಎದುರು.